1362ರಲ್ಲಿ ಸೋತ ಹಾನ್ಸಾ ಪಟ್ಟಣಗಳು 1368ರಲ್ಲಿ ಗೆದ್ದದ್ದು ಹೇಗೆ?

ತೆರೆಸಾಲು:
ಅದೇ ವರ್ತಕರು, ಎದುರಿಗೆ ಅದೇ ಡೆನ್ಮಾರ್ಕ್ ದೊರೆ ನಾಲ್ಕನೇ ವಾಲ್ಡೆಮಾರ್. 1362ರಲ್ಲಿ ಹೆಲ್ಸಿಂಗ್‌ಬೋರಿಯಲ್ಲಿ ಮಣ್ಣುಮುಕ್ಕಿದ ಹಾನ್ಸಾ, ಅಂದರೆ ಉತ್ತರ ಜರ್ಮನಿಯ ವರ್ತಕ ಪಟ್ಟಣಗಳ ಒಕ್ಕೂಟ, ಆರೇ ವರ್ಷದಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್ ಹಿಡಿಯಿತು. ಕಾಯಂ ನೌಕಾಪಡೆಯೇ ಇಲ್ಲದ ಊರುಗಳಿಗೆ ಇದು ಸಾಧ್ಯವಾದದ್ದು ಹಡಗಿನಿಂದಲೋ, ಹಣದಿಂದಲೋ?

ಹಾಯಿಪಟ:
ಹಡಗು ಎರಡು ಸಲವೂ ಒಂದೇ ಬಗೆಯದು, ಕಾಗ್. ಚಪ್ಪಟೆ ತಳ, ಒಂದೇ ಕಂಬ, ಒಂದೇ ಚೌಕ ಹಾಯಿ. 1962ರಲ್ಲಿ ಬ್ರೆಮೆನ್‌ನಲ್ಲಿ ಸಿಕ್ಕಿದ, 1380ರ ಸುಮಾರಿನ ಕಾಗ್ 23 ಮೀಟರಿಗೂ ಹೆಚ್ಚು ಉದ್ದವಿದೆ. ಬದಿ ಎತ್ತರವಾದ್ದರಿಂದ ಸಣ್ಣ ದೋಣಿಯಿಂದ ಹತ್ತುವುದು ಕಷ್ಟ. ಹಿಂಭಾಗದ ಅಟ್ಟಣೆಯ ಮೇಲೆ ಅಡ್ಡಬಿಲ್ಲುಗಾರರನ್ನು ನಿಲ್ಲಿಸಿದರೆ ಸರಕಿನ ಹಡಗೇ ಯುದ್ಧದ ಹಡಗು.

ಆದರೆ ಆಳಿಲ್ಲದ ಕಾಗ್ ಬರೀ ಮರ. 1362ರಲ್ಲಿ ಹಾನ್ಸಾದ ಮುಂದಾಳು ಪಟ್ಟಣ ಲೂಬೆಕ್‌ನ ಮೇಯರ್ ಯೋಹಾನ್ ವಿಟೆನ್‌ಬೋರ್ಗ್ ಹೆಲ್ಸಿಂಗ್‌ಬೋರಿಯ ಕೋಟೆ ಮುತ್ತಲೆಂದು ಆಳುಗಳನ್ನು ದಡಕ್ಕಿಳಿಸಿದ. ಬರುತ್ತೇವೆಂದಿದ್ದ ಸ್ವೀಡನ್, ನಾರ್ವೆಯ ದಂಡು ಬರಲೇ ಇಲ್ಲ. ಕಾವಲು ತೆಳುವಾಗಿದ್ದ ಹಡಗುಗಳ ಮೇಲೆ ವಾಲ್ಡೆಮಾರ್ ಎರಗಿ ಹನ್ನೆರಡು ದೊಡ್ಡ ಕಾಗ್‌ಗಳನ್ನು ಎಳೆದೊಯ್ದ. ಮರುವರ್ಷ ಲೂಬೆಕ್ ತನ್ನ ಮೇಯರನ ತಲೆ ತೆಗೆಸಿತು. 1368ರಲ್ಲಿ ಈ ತಪ್ಪು ಮರುಕಳಿಸಲಿಲ್ಲ: ಕಾಗ್ ಒಂದಕ್ಕೆ 100 ಶಸ್ತ್ರಧಾರಿಗಳೆಂದು ಮೊದಲೇ ನಿಗದಿಯಾಗಿತ್ತು.

ಸುಂಕದಕಟ್ಟೆ:
ಆ ನೂರು ಜನಕ್ಕೆ ಅನ್ನ, ಸಂಬಳ ಎಲ್ಲಿಂದ? ನನ್ನ ಮಟ್ಟಿಗೆ ಗೆಲುವಿನ ಗುಟ್ಟು ಒಂದು ಚೀಟಿಯಲ್ಲಿದೆ. 1367ರ ನವೆಂಬರ್‌ನಲ್ಲಿ ಕಲೋನ್‌ನಲ್ಲಿ ಸೇರಿದ ಊರುಗಳು ಹಡಗು, ಸರಕು ಎರಡರ ಬೆಲೆಯ ಮೇಲೂ ‘ಪೌಂಡ್ ಸುಂಕ’ ಹಾಕಿದವು. ಒಂದು ಬಂದರಿನಲ್ಲಿ ಕಟ್ಟಿದರೆ ರಸೀದಿ ಕೊಡುತ್ತಿದ್ದರು. ಮುಂದಿನ ಬಂದರಿನಲ್ಲಿ ಅದನ್ನು ತೋರಿಸಿದರೆ ಮತ್ತೆ ಕಟ್ಟಬೇಕಿಲ್ಲ, ತೋರಿಸದಿದ್ದರೆ ಅಲ್ಲೇ ವಸೂಲಿ. ಹೀಗಾಗಿ ಒಂದು ಕಡೆ ತಪ್ಪಿಸಿಕೊಂಡು ಲಾಭವಿರಲಿಲ್ಲ. ಒಪ್ಪಂದ ಮೀರಿದ ಊರಿನೊಡನೆ ಉಳಿದವರ ವ್ಯಾಪಾರವೇ ಬಂದ್. ವರ್ತಕನಿಗೆ ಅದಕ್ಕಿಂತ ದೊಡ್ಡ ಭಯ ಬೇರೊಂದಿಲ್ಲ.

ಉಪ್ಪುಮೀನು:
ರಸೀದಿಯ ಮಾತು ನಿಜ, ಆದರೆ ಅದೊಂದೇ ಸಾಲದು. ಈ ಸಲ ಉತ್ತರ ಜರ್ಮನಿಯ ಸಂಸ್ಥಾನಗಳಾದ ಮೆಕ್ಲೆನ್‌ಬುರ್ಗ್, ಹೋಲ್‌ಸ್ಟೈನ್, ಸ್ವೀಡನ್ನಿನ ಹೊಸ ದೊರೆ ಆಲ್ಬ್ರೆಕ್ಟ್ ಎಲ್ಲರೂ ಡೆನ್ಮಾರ್ಕ್‌ಗೆ ಎದುರಾಗಿದ್ದರು. ವಾಲ್ಡೆಮಾರ್ ದೇಶವನ್ನೇ ಬಿಟ್ಟು ಹೊರಟ.

ಗೆದ್ದವರು ಕೇಳಿದ್ದೇನು ನೋಡಿ. 1370ರ ಸ್ಟ್ರಾಲ್‌ಸುಂಡ್ ಒಪ್ಪಂದದಲ್ಲಿ ಸ್ಕಾನಿಯಾ (ಇಂದಿನ ಸ್ವೀಡನ್ನಿನ ದಕ್ಷಿಣ ತುದಿ) ಕರಾವಳಿಯ ನಾಲ್ಕು ಕೋಟೆಗಳು (ಸ್ಕಾನೋರ್, ಫಾಲ್‌ಸ್ಟರ್‌ಬೋ, ಮಾಲ್ಮೋ, ಹೆಲ್ಸಿಂಗ್‌ಬೋರಿ) ಮತ್ತು ಅಲ್ಲಿನ ಆದಾಯದ ಮೂರನೇ ಎರಡು ಪಾಲು, ಅದೂ 15 ವರ್ಷಕ್ಕೆ ಮಾತ್ರ. ಹೆರಿಂಗ್ ಮೀನಿನ ದೊಡ್ಡ ಸಂತೆ ನಡೆಯುತ್ತಿದ್ದದ್ದು ಅಲ್ಲೇ, ಆ ಮೀನು ಕೆಡದಂತೆ ಹಾಕುವ, ಜರ್ಮನಿಯ ಲೂನೆಬುರ್ಗ್‌ನ ಉಪ್ಪು ಖರ್ಚಾಗುತ್ತಿದ್ದದ್ದೂ ಅಲ್ಲೇ. ಅವಧಿ ಮುಗಿದಾಗ, 1385ರಲ್ಲಿ, ಕೋಟೆಗಳನ್ನು ಡೆನ್ಮಾರ್ಕ್‌ಗೆ ಮರಳಿಸಿದರು.