ನಕ್ಷೆಯಲ್ಲಿ ‘ಉದ್ಯಾನ’ ಅಂತಿದೆ, ಹೋಗಿ ನೋಡಿದರೆ ಮೊಣಕಾಲುದ್ದ ನೀರು. ಏನು ಮಾಡಲಿ?

ಪ್ರಶ್ನೆ (ಹೊಸ ಸದಸ್ಯ):
ಸ್ಥಳೀಯ ಸಂಸ್ಥೆಯ ಯೋಜನಾ ಸಮಿತಿಗೆ ಈಚೆಗೆ ಬಂದವನು ನಾನು. 12 ಹೆಕ್ಟೇರಿನ ಬಡಾವಣೆಯೊಂದು ಮಂಜೂರಾತಿಗೆ ಬಂದಿದೆ. ಮೂಲೆಯ ತಗ್ಗಿಗೆ ಹಸಿರು ಬಳಿದು ‘ಉದ್ಯಾನ’ ಅಂತ ಬರೆದಿದ್ದಾರೆ. ಪರಿಸರ ವರದಿಯಲ್ಲಿ ‘ಜಲಮೂಲ ಇಲ್ಲ’ ಅಂತ ಒಂದೇ ಸಾಲು. ಮೊನ್ನೆ ಮಳೆ ನಿಂತ ಮೇಲೆ ಹೋಗಿ ನೋಡಿದೆ. ಮೊಣಕಾಲುದ್ದ ನೀರು, ಜೊಂಡು, ಕಪ್ಪೆಗಳ ಗಲಾಟೆಗೆ ಫೋನಿನಲ್ಲಿ ಮಾತೇ ಕೇಳಲಿಲ್ಲ. ಹಾಗಂತ ಅರ್ಜಿ ತಿರಸ್ಕರಿಸಲೂ ಮನಸ್ಸಿಲ್ಲ. ನಾನೇ ಬಾಡಿಗೆ ಮನೆಯವನು. ಮನೆಗಳೂ ಆಗಬೇಕು, ತಗ್ಗೂ ಉಳಿಯಬೇಕು. ದಾರಿ ಇದೆಯೇ?

ಉತ್ತರ 1 (ನಿವೃತ್ತ ಚರಂಡಿ ಎಂಜಿನಿಯರ್):
ಮೊದಲು ನೆಲದ ಏರುತಗ್ಗು ತೋರಿಸುವ ಕಾಂಟೂರ್ ನಕ್ಷೆ ಕೇಳಿ, ಬಣ್ಣದ ನಕ್ಷೆ ಬದಿಗಿಡಿ. ಆಮೇಲೆ ಈ ಲೆಕ್ಕ ಹಾಕಿ: ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. 50 ಮಿ.ಮೀ. ಬಿದ್ದರೆ ಹೆಕ್ಟೇರಿಗೆ 5 ಲಕ್ಷ ಲೀಟರ್. ಮಣ್ಣಿದ್ದರೆ ಒಂದಿಷ್ಟು ಇಂಗುತ್ತದೆ. ತಾರಸಿ, ಕಾಂಕ್ರೀಟಿನ ಮೇಲೆ ಬಿದ್ದದ್ದು ಬಹುಪಾಲು ಹಾಗೇ ಹರಿದು ಕೆಳಗಿನವರ ಮನೆಗೆ ನುಗ್ಗುತ್ತದೆ. ಹಾಗಾಗಿ ಷರತ್ತು ಹೀಗಿರಲಿ: ಜೋರು ಮಳೆಯಲ್ಲಿ ಹೊರಹೋಗುವ ನೀರಿನ ರಭಸ ಕಟ್ಟುವ ಮೊದಲಿಗಿಂತ ಹೆಚ್ಚಬಾರದು.

ಇನ್ನೊಂದು, ಹೂಳು. ಇಂಗುಗುಂಡಿ ಅಂತ ತೋರಿಸಿ ಕೈತೊಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಹೂಳು ಯಾರು, ಯಾರ ದುಡ್ಡಲ್ಲಿ ತೆಗೆಯಬೇಕು ಅನ್ನೋದು ಮಂಜೂರಾತಿ ಆದೇಶದಲ್ಲೇ ಇರಲಿ.

ಉತ್ತರ 2 (ಕಟ್ಟಡ ಕಟ್ಟುವವನು):
ನಮ್ಮ ಕಡೆಯದೂ ಕೇಳಿ ಸಾರ್. ತಗ್ಗು ಬಿಡಿ ಅಂದರೆ ಬಿಡ್ತೀವಿ, ಮೊದಲ ದಿನವೇ ಹೇಳಬೇಕು ಅಷ್ಟೆ. ನಕ್ಷೆ ಮೂರು ಸಲ ತಿದ್ದಿಸಿ ಕೊನೆಗೆ ಬೇಡ ಅಂದರೆ ಅಲ್ಲಿಯವರೆಗಿನ ಬಡ್ಡಿ ಮನೆ ಕೊಳ್ಳುವವರ ತಲೆಗೇ. ಎತ್ತರದ ಬದಿಯಲ್ಲಿ ಒಂದೆರಡು ಅಂತಸ್ತು ಹೆಚ್ಚಿಗೆ ಕೊಡಿ. ಅಷ್ಟೇ ಮನೆ, ಕಡಿಮೆ ನೆಲ.

ಉತ್ತರ 3:
‘ಬೇರೆ ಕಡೆ ಕೆರೆ ಮಾಡಿಕೊಡ್ತೀವಿ’ ಅಂತ ಬರುತ್ತಾರೆ, ಹುಷಾರು. ಇಂಗ್ಲೆಂಡಿನಲ್ಲಿ 2024ರ ಫೆಬ್ರವರಿಯಿಂದ ದೊಡ್ಡ ಯೋಜನೆಗಳು ಜೀವವೈವಿಧ್ಯವನ್ನು ಮೊದಲಿಗಿಂತ ಕನಿಷ್ಠ 10% ಹೆಚ್ಚಿಸಿ 30 ವರ್ಷ ಕಾಪಾಡಬೇಕೆಂಬ ನಿಯಮವಿದೆ. ಜಾಗದಲ್ಲಿ ಆಗದಿದ್ದರೆ ಹೊರಗೂ ಮಾಡಬಹುದು. ಒಳ್ಳೆಯದೇ. ಆದರೆ ಕಪ್ಪೆಗೆ ಬೇರೆ ಹೊಂಡ ತೋಡಬಹುದು, ಈ ತಗ್ಗು ಹಿಡಿದಿಡುತ್ತಿದ್ದ ನೀರಿಗೆ ಹತ್ತು ಕಿಲೋಮೀಟರ್ ಆಚೆಯ ಹೊಂಡದಿಂದ ಏನು ಪ್ರಯೋಜನ? ವರದಿಯ ಸಮೀಕ್ಷೆ ಯಾವ ತಿಂಗಳಲ್ಲಿ ನಡೆದದ್ದು, ನೋಡಿದಿರಾ?

ಹೊಸ ಸದಸ್ಯ:
ಈಗ ನೋಡಿದೆ. 143ನೇ ಪುಟದ ಅಡಿಟಿಪ್ಪಣಿಯಲ್ಲಿ ಸಿಕ್ಕಿತು. ಕಡುಬೇಸಿಗೆ, ಒಂದೇ ದಿನ, ಬೆಳಿಗ್ಗೆ ಹನ್ನೊಂದರಿಂದ ಒಂದೂವರೆ. ಮಳೆಗಾಲದಲ್ಲಿ ಮತ್ತೊಮ್ಮೆ ಸಮೀಕ್ಷೆ ಮಾಡಿಸಿ, ಕಾಂಟೂರ್ ನಕ್ಷೆ ಕೊಡಿ ಅಂತ ಪತ್ರ ಬರೆದಿದ್ದೇನೆ. ಎತ್ತರದ ಬದಿಗೆ ಹೆಚ್ಚಿನ ಅಂತಸ್ತಿನ ವಿಚಾರವನ್ನೂ ಅದರಲ್ಲೇ ಸೇರಿಸಿದೆ.