ಫಲಕಕ್ಕಾಗಿ: 'ಕಸೂತಿ'ಯೋ 'ಕೈಕಸೂತಿ'ಯೋ, 'ಹವ್ಯಾಸ'ದ ಬದಲು ಏನು?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ವಾಚನಾಲಯದ ಹಿಂದಿನ ಕೋಣೆಯಲ್ಲಿ ಬರುವ ಶನಿವಾರದಿಂದ ಹದಿನೈದಿಪ್ಪತ್ತು ಜನ ಒಟ್ಟಿಗೆ ಕುಳಿತು ಬಟ್ಟೆಯ ಮೇಲೆ ಕೈಯಿಂದ ಎಂಬ್ರಾಯ್ಡರಿ ಮಾಡುವ ಏರ್ಪಾಡಾಗಿದೆ. ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ನಿವೃತ್ತರು. ಮನೆಯಲ್ಲಿ ಒಬ್ಬರೇ ಇರುವ ಹೊತ್ತಿನಲ್ಲಿ ಮನಸ್ಸಿಗೆ ಸಮಾಧಾನ ಕೊಡುವಂಥ ಕೆಲಸವೊಂದು ಕೈಯಲ್ಲಿರಲಿ ಎಂಬುದು ಅವರ ಆಸೆ. ಫಲಕದ ಇಂಗ್ಲಿಷ್ ಒಕ್ಕಣೆ ಸಿದ್ಧವಾಗಿದೆ. ಕನ್ನಡದ್ದನ್ನು ಬುಧವಾರ ಸಂಜೆಯೊಳಗೆ ಫಲಕ ಬರೆಯುವವರಿಗೆ ಕೊಡಬೇಕು. 'ಕೈಕಸೂತಿ: ನೆಮ್ಮದಿ ಕೊಡುವ, ಮೈಮರೆಸುವ ಹವ್ಯಾಸ' ಎಂದು ಬರೆದುಕೊಂಡಿದ್ದೇನೆ. 'ಕೈಕಸೂತಿ' ಸರಿಯಾದ ಪ್ರಯೋಗವೇ? 'ಹವ್ಯಾಸ' ಅರ್ಜಿ ನಮೂನೆಯ ಪದದಂತೆ ಕೇಳುತ್ತದೆ. 'ಕಾಲಹರಣ' ಎಂದರೆ ಹೊತ್ತು ಹಾಳುಮಾಡಿದಂತಾಗುತ್ತದೆ. 'ಕಾಲಕ್ಷೇಪ' ಎಂದರೆ ಹರಿಕಥೆ ನೆನಪಾಗುತ್ತದೆ. ದಯವಿಟ್ಟು ತಿಳಿಸಿ.

— ಬೆಂಗಳೂರಿನಿಂದ

> 'ಕೈಕಸೂತಿ' ಸರಿಯಾದ ಪ್ರಯೋಗವೇ?

ಸರಿಯಲ್ಲ. 'ಕೈ' ಮತ್ತು 'ಸೂತಿ' ಸೇರಿ 'ಕಸೂತಿ'ಯಾಗಿದೆ. ಅದರ ಹಿಂದೆ ಇನ್ನೊಂದು 'ಕೈ' ಹಚ್ಚಿದರೆ 'ನಡುಮಧ್ಯ' ಎಂದಂತೆ ಪುನರುಕ್ತಿಯಾಗುತ್ತದೆ. ಅಲ್ಲದೆ 'ಸೂತಿ' ಬಂದದ್ದು ಸೂತ್ರದಿಂದ. ಹೊಸ ಫಲಕವನ್ನೇ ಬರೆಸುತ್ತಿರುವಾಗ ಎರವಲು ಪದಕ್ಕೆ ಏಕೆ ಜೋತುಬೀಳಬೇಕು? 'ನೂಲುಚಿತ್ತಾರ' ಎಂದು ಬರೆಯಿರಿ. ಓದಿದ ಕೂಡಲೇ ಮಗುವಿಗೂ ಅರ್ಥವಾಗುತ್ತದೆ. ಕನ್ನಡದಲ್ಲಿ ಕಟ್ಟಲು ಬರುವ ಪದವನ್ನು ಕಟ್ಟದೇ ಬಿಡುವುದು ನಮ್ಮ ಸೋಮಾರಿತನ ಎಂದೇ ನಾನು ನಂಬಿದ್ದೇನೆ.

— ಮೈಸೂರಿನಿಂದ

ಮೇಲಿನ ವ್ಯುತ್ಪತ್ತಿ ನಿಲ್ಲುವುದಿಲ್ಲ. ಕೈಮಗ್ಗ, ಕೈಚೀಲ, ಕೈಗೂಸು, ಕೈದೀವಿಗೆ, ಯಾವುದನ್ನೇ ನೋಡಿ, ಸಮಾಸದ ಮೊದಲಲ್ಲಿ 'ಕೈ' ಬಂದಾಗ ಐಕಾರ ಉಳಿಯುತ್ತದೆ. 'ಕಸೂತಿ'ಯಲ್ಲಿ ಮಾತ್ರ ಅದು ಹಾರಿಹೋಗಲು ಕಾರಣ ಹೇಳದಿದ್ದರೆ ಅದು ವ್ಯುತ್ಪತ್ತಿಯಲ್ಲ, ಊಹೆ. ಕೆಲವರು ಪಾರ್ಸಿಯ 'ಕಶೀದಾ'ವನ್ನು ಮುಂದಿಡುತ್ತಾರೆ. ಅದಕ್ಕೆ 'ಎಳೆದದ್ದು' ಎಂದು ಅರ್ಥ, ಕಾಶ್ಮೀರದ ಸೂಜಿ ಕೆಲಸಕ್ಕೂ ಅದೇ ಹೆಸರು, ಮರಾಠಿಯಲ್ಲೂ 'ಕಶಿದಾ' ಇದೆ. ಆದರೆ ಅಲ್ಲಿಯ ಈಕಾರ ನಮ್ಮಲ್ಲಿ ಊಕಾರವಾದದ್ದು ಹೇಗೆಂದು ಅವರೂ ಹೇಳಬೇಕು. ಇನ್ನು 'ನೂಲುಚಿತ್ತಾರ': 'ಚಿತ್ತಾರ'ದ ಮೂಲ ಸಂಸ್ಕೃತದ 'ಚಿತ್ರ'. ಎರವಲು ಬೇಡವೆಂದವರು ಅರ್ಧ ಪದವನ್ನು ಎರವಲು ತಂದಿದ್ದಾರೆ.

ನನ್ನ ಆಕ್ಷೇಪ ಬೇರೆ. ನಾನು ಧಾರವಾಡದವಳು, ಅಜ್ಜಿಯ ಬಳಿ ಕುಳಿತು ಕಲಿತವಳು. ನಮಗೆ ಕಸೂತಿಯೆಂದರೆ ಬಟ್ಟೆಯ ಮೇಲಿನ ಯಾವುದೋ ಒಂದು ಹೂವಲ್ಲ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಹಾಕುವ ಕೆಲಸ ಅದು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಅದರ ಹೊಲಿಗೆಗಳು ನಾಲ್ಕು. 'ನೇಗಿ'ಯಲ್ಲಿ ನೇಯ್ಗೆ ಇದೆ, 'ಮೆಂತಿ'ಯಲ್ಲಿ ಅಡುಗೆಮನೆಯ ಮೆಂತ್ಯದ ಕಾಳಿದೆ. ಇಳಕಲ್ ಸೀರೆಯ ಮೇಲೆ ತೇರು, ಗೋಪುರ, ಆನೆ, ತುಳಸಿ ವೃಂದಾವನಗಳು ಮೂಡುವುದು ಈ ನಾಲ್ಕರಿಂದಲೇ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡ ಗುಲಾಬಿಯನ್ನು ಸರಪಳಿ ಹೊಲಿಗೆಯಿಂದ ತುಂಬಿ ಅದನ್ನೂ ಕಸೂತಿಯೆಂದು ಕರೆದರೆ, ನಮ್ಮ ಕೆಲಸಕ್ಕೆ ಬೇರೆ ಹೆಸರು ಎಲ್ಲಿಂದ ತರಬೇಕು?

'ಮೈಮರೆಸುವ' ಎಂಬುದನ್ನಂತೂ ತೆಗೆದುಬಿಡಿ. ಗವಂತಿಯಲ್ಲಿ ಒಂದು ಹೊಲಿಗೆ ಹಾಕಿ ಒಂದನ್ನು ಬಿಡುತ್ತ ಮುಂದೆ ಹೋಗಬೇಕು, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಅದೇ ದಾರಿಯಲ್ಲಿ ಮರಳಿ ಹೊರಟಲ್ಲಿಗೇ ಬರಬೇಕು. ಹಾಗೆ ಬಂದರೆ ಮಾತ್ರ ಬಟ್ಟೆಯ ಎರಡು ಮಗ್ಗುಲೂ ಒಂದೇ ಸಮ ಕಾಣುತ್ತವೆ. ಮೈಮರೆತು ಒಂದು ಎಳೆ ತಪ್ಪಿದರೆ ಮರಳುವ ದಾರಿ ಕೂಡುವುದಿಲ್ಲ, ಬಿಚ್ಚುತ್ತ ಹಿಂದೆ ಹೋಗಬೇಕಾಗುತ್ತದೆ. ಮನೆಯವರು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ರಾತ್ರಿಯೆಲ್ಲ ನನ್ನನ್ನು ಕಾಪಾಡಿದ್ದು ಈ ಎಣಿಕೆಯೇ. ಬೇರೆ ಯೋಚನೆ ಬಾರದಿದ್ದದ್ದು ನಾನು ಮೈಮರೆತದ್ದರಿಂದಲ್ಲ. ಮನಸ್ಸಿಗೆ ನಿಲ್ಲಲು ಒಂದು ಜಾಗ ಸಿಕ್ಕಿದ್ದರಿಂದ. ಅದಕ್ಕೆ 'ತಲ್ಲೀನತೆ' ಒಪ್ಪುತ್ತದೆ. ಸಂಸ್ಕೃತವೆಂದು ಬೇಡವಾದರೆ 'ಮನಸ್ಸು ನಿಲ್ಲುವುದು' ಎಂದೇ ಬರೆಯಬಹುದು.

— ಧಾರವಾಡದಿಂದ

> ಅರ್ಧ ಪದವನ್ನು ಎರವಲು ತಂದಿದ್ದಾರೆ

ತದ್ಭವವನ್ನು ಎರವಲು ಎನ್ನುವುದಾದರೆ 'ಸೂಜಿ'ಯನ್ನೂ ಬಿಡಬೇಕಾಗುತ್ತದೆ, ಅದು 'ಸೂಚಿ'ಯಿಂದ ಬಂದದ್ದು. ಕನ್ನಡದ ಬಾಯಲ್ಲಿ ನುರಿದು ರೂಪ ಬದಲಿಸಿದ ಪದ ಕನ್ನಡದ್ದೇ. ನನ್ನ ವಿರೋಧವಿರುವುದು ನುರಿಯದೆ ಬಂದು ಕುಳಿತ ಪದಗಳಿಗೆ. ಬೀದಿಯಲ್ಲಿ ನಿಂತು ಟೈಲರ್ ಅಂಗಡಿಗಳ ಫಲಕಗಳನ್ನು ಓದಿ ನೋಡಿ.

— ಮೈಸೂರಿನಿಂದ

ಆ ಫಲಕಗಳನ್ನೇ ಓದೋಣ. 'ಕಂಪ್ಯೂಟರ್ ಎಂಬ್ರಾಯ್ಡರಿ', 'ಆರಿ ವರ್ಕ್', 'ಮಗ್ಗಂ ವರ್ಕ್'. ಮೂರನೆಯದನ್ನು ಕಂಡಾಗಲೆಲ್ಲ ನನಗೆ ನಿಜವಾಗಿ ಸಂಕಟವಾಗುತ್ತದೆ. 'ಮಗ್ಗ' ನಮ್ಮಲ್ಲೇ ಇರುವ ಪದ, ಅರ್ಥವೂ ಸ್ಪಷ್ಟ. ಚೌಕಟ್ಟಿಗೆ ಬಟ್ಟೆ ಬಿಗಿದು ರವಿಕೆಗೆ ಮಾಡುವ ಸೂಜಿ ಕೆಲಸಕ್ಕೆ ಅದು ತೆಲುಗಿನ ರೂಪದಲ್ಲಿ, ಇಂಗ್ಲಿಷಿನ ಬಾಲದೊಂದಿಗೆ ಬಂದಿದೆ. ನೇಯುವ ಮಗ್ಗಕ್ಕೂ ಆ ಕೆಲಸಕ್ಕೂ ಸಂಬಂಧವೇ ಇಲ್ಲ.

ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹಿಂದೆ ಎಲ್ಲ ಮಗ್ಗವೂ ಕೈಯದ್ದೇ ಆಗಿದ್ದರಿಂದ 'ಮಗ್ಗ' ಎಂದರೆ ಸಾಕಾಗುತ್ತಿತ್ತು; ವಿದ್ಯುತ್ ಮಗ್ಗ ಬಂದ ಮೇಲೆ 'ಕೈಮಗ್ಗ' ಎಂದು ಬಿಡಿಸಿ ಹೇಳಬೇಕಾಯಿತು. ಅಂಗಡಿಯ ಯಂತ್ರವೇ ಕಸೂತಿ ಹಾಕುವ ಈ ಕಾಲದಲ್ಲಿ 'ಕೈಕಸೂತಿ'ಯೂ ಅದೇ ಕಾರಣಕ್ಕೆ ಬೇಕು. ಅದರ ಮೂಲದಲ್ಲಿ ಕೈ ಇತ್ತೋ ಇಲ್ಲವೋ, ಇಂದಿನ ಓದುಗನಿಗೆ ಅದು ಕೇಳಿಸುವುದಿಲ್ಲವಾದ್ದರಿಂದ ಪುನರುಕ್ತಿಯ ಮಾತೇ ಬರುವುದಿಲ್ಲ. ಧಾರವಾಡದವರ ನೋವು ನನಗೆ ತಿಳಿಯುತ್ತದೆ. ಆದರೆ ಸಂಡೂರಿನ ತಾಂಡಾಗಳ ಕನ್ನಡಿ, ಕವಡೆಯ ಕೆಲಸವನ್ನು 'ಲಂಬಾಣಿ ಕಸೂತಿ' ಎಂದು ನಾಡೆಲ್ಲ ಕರೆಯುತ್ತಿದೆ. ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಗಳಿಗೆ ಕೊಡುವ ಭೌಗೋಳಿಕ ಸೂಚಕದ (ಜಿಐ) ಪಟ್ಟಿಯಲ್ಲಿ ಕಸೂತಿಯೂ ಅದೂ ಬೇರೆ ಬೇರೆಯಾಗಿಯೇ ಇವೆ. ಪದ ಈಗಾಗಲೇ ಹರಡಿದೆ. ಅದನ್ನು ಹಿಂದಕ್ಕೆ ಕರೆಯುವ ಬದಲು ನಿಮ್ಮದನ್ನು 'ಧಾರವಾಡ ಕಸೂತಿ' ಎಂದು ಊರಿನ ಹೆಸರಿಟ್ಟು ಕರೆಯುವುದೇ ಅದಕ್ಕೆ ರಕ್ಷೆ.

'ಹವ್ಯಾಸ'ದಲ್ಲಿ ತಪ್ಪಿಲ್ಲ. ಆದರೆ ಮರಾಠಿಯಲ್ಲಿ ಅದಕ್ಕೆ ಅತಿಯಾಸೆ ಎಂಬ ಅರ್ಥವಿದೆ, ನಮ್ಮಲ್ಲೂ 'ಕುಡಿತದ ಹವ್ಯಾಸ' ಎನ್ನುತ್ತಾರೆ. ಸಮಾಧಾನದ ಮಾತಿಗೆ 'ಬಿಡುವಿನ ಕೆಲಸ' ಹೆಚ್ಚು ಹೊಂದುತ್ತದೆ.

— ಶಿವಮೊಗ್ಗದಿಂದ

ಊರಿನ ಹೆಸರಿಟ್ಟುಕೊಳ್ಳಬೇಕಾದವರು ನಾವಲ್ಲ. ಪದದ ಅರ್ಥವನ್ನು ಹಿಗ್ಗಿಸಿದವರು ಇಟ್ಟುಕೊಳ್ಳಲಿ.

— ಧಾರವಾಡದಿಂದ

ಎಲ್ಲರಿಗೂ ಕೃತಜ್ಞತೆಗಳು. ಫಲಕ ಬರೆಯುವವರು ಬಾಗಿಲಿಗೆ ಬಂದಿದ್ದರಿಂದ ಹೀಗೆ ಕೊಟ್ಟಿದ್ದೇನೆ: 'ಕೈಕಸೂತಿ: ಮನಸ್ಸು ನಿಲ್ಲುವ ಬಿಡುವಿನ ಕೆಲಸ. ಪ್ರತಿ ಶನಿವಾರ ಮಧ್ಯಾಹ್ನ 3ರಿಂದ 5'. ನಮ್ಮಲ್ಲಿಗೆ ಬರುವವರು ಸರಪಳಿ ಹೊಲಿಗೆಯನ್ನೂ ಕನ್ನಡಿ ಕೆಲಸವನ್ನೂ ಮಾಡುವವರಾದ್ದರಿಂದ 'ಕೈ' ಉಳಿಯಿತು. ತಿಂಗಳ ಕೊನೆಯ ಶನಿವಾರ, ಎಳೆಗಳನ್ನು ಸುಲಭವಾಗಿ ಎಣಿಸಬಹುದಾದ ಮ್ಯಾಟಿ ಬಟ್ಟೆಯ ಮೇಲೆ ಗವಂತಿ ಕಲಿಯಬೇಕೆಂದಿದ್ದೇವೆ. ಆ ದಿನದ ಚೀಟಿಯಲ್ಲಿ ಬರಿಯ 'ಕಸೂತಿ' ಎಂದಷ್ಟೇ ಬರೆಯುತ್ತೇನೆ. ಮೊದಲ ಸಲ ಹೋದ ದಾರಿಯಲ್ಲೇ ಮರಳಿ ಬರಲು ಎಷ್ಟು ಚಿಕ್ಕ ಆಕೃತಿಯಿಂದ ತೊಡಗಬೇಕೆಂದು ಧಾರವಾಡದವರು ತಿಳಿಸಿದರೆ ಉಪಕಾರವಾಗುತ್ತದೆ.

— ಬೆಂಗಳೂರಿನಿಂದ