ಕಾನೂನು ಸಂಸ್ಥೆಯ ಸಿಬ್ಬಂದಿ ಕೂಡಿಸಿದ ಹಣವನ್ನು ಬಡ ಕೈದಿಗಳ ಜಾಮೀನಿಗೆ ಬಳಸಬಹುದೇ?

ಪ್ರಶ್ನೆ (ಕಚೇರಿ ವ್ಯವಸ್ಥಾಪಕಿ, ಬೆಂಗಳೂರು)

ನಮಸ್ಕಾರ. ನಾನು ವಕೀಲೆಯಲ್ಲ, ಮಧ್ಯಮ ಗಾತ್ರದ ಒಂದು ಕಾನೂನು ಸಂಸ್ಥೆಯ ಕಚೇರಿ ನೋಡಿಕೊಳ್ಳುವವಳು. ನಮ್ಮಲ್ಲಿ ವಕೀಲರಲ್ಲದೆ ಗುಮಾಸ್ತರು, ಬೆರಳಚ್ಚುಗಾರರು, ಲೆಕ್ಕ ಬರೆಯುವವರು ಸೇರಿ ಹದಿನಾಲ್ಕು ಮಂದಿ ಇದ್ದೇವೆ. ಈ ವರ್ಷ ನಗರದ 10 ಕಿ.ಮೀ. ಓಟದಲ್ಲಿ ನಮ್ಮವರು ಒಂಬತ್ತು ಮಂದಿ ಓಡಿ, ಬಂಧುಮಿತ್ರರಿಂದ ಸುಮಾರು ಒಂದೂವರೆ ಲಕ್ಷ ರೂಪಾಯಿಯ ದೇಣಿಗೆಗೆ ಮಾತು ಪಡೆದಿದ್ದಾರೆ. ಜಾಮೀನು ಮಂಜೂರಾಗಿದ್ದರೂ ಹಣವಾಗಲಿ ಜಾಮೀನುದಾರರಾಗಲಿ ಇಲ್ಲದೆ ಪರಪ್ಪನ ಅಗ್ರಹಾರದಲ್ಲೇ ಉಳಿದವರಿಗೆ ಅದನ್ನು ವಿನಿಯೋಗಿಸಬೇಕೆಂಬುದು ನಮ್ಮ ಆಸೆ. ಇಬ್ಬರು ಗುಮಾಸ್ತರು ತಮ್ಮ ಜಮೀನಿನ ಪಹಣಿ ಕೊಟ್ಟು ತಾವೇ ಜಾಮೀನು ನಿಲ್ಲುವುದಾಗಿಯೂ ಹೇಳುತ್ತಿದ್ದಾರೆ. ಇದು ಸರಿಯೇ? ವಕೀಲರಲ್ಲದ ನಾವು ಹಣ ಕೊಡುವುದರ ಹೊರತು ಬೇರೇನು ಮಾಡಬಹುದು?

ಉತ್ತರ 1 (ಉಚಿತ ಕಾನೂನು ನೆರವಿನ ಪಟ್ಟಿಯಲ್ಲಿರುವ ವಕೀಲ, ಮೈಸೂರು)

ಮೊದಲು ಗುಮಾಸ್ತರನ್ನು ತಡೆಯಿರಿ, ಮೇಡಂ. ವಕೀಲನು ತನ್ನ ಕಕ್ಷಿದಾರನಿಗೆ ಜಾಮೀನುದಾರನಾಗಬಾರದು, ಮತ್ತೊಬ್ಬ ಜಾಮೀನುದಾರನ ಯೋಗ್ಯತೆಯನ್ನು ದೃಢೀಕರಿಸಲೂ ಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಡವಳಿಕೆ ನಿಯಮಗಳು ಹೇಳುತ್ತವೆ. ಗುಮಾಸ್ತರಿಗೆ ಆ ನಿಯಮ ನೇರವಾಗಿ ಅನ್ವಯಿಸುವುದಿಲ್ಲವೆಂದು ವಾದಿಸಬಹುದಾದರೂ, ಸಂಸ್ಥೆಯ ವಕೀಲರೇ ನಡೆಸುವ ಪ್ರಕರಣದಲ್ಲಿ ಅದೇ ಕಚೇರಿಯ ಗುಮಾಸ್ತ ಪಹಣಿ ಹಿಡಿದು ನಿಂತರೆ ನ್ಯಾಯಾಧೀಶರು ಮೊದಲು ಕೇಳುವ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಆರೋಪಿ ನಾಪತ್ತೆಯಾದರೆ ಮುಚ್ಚಳಿಕೆಯ ಹಣ ಗುಮಾಸ್ತರ ತಲೆಯ ಮೇಲೆ ಬರುತ್ತದೆ ಎಂಬುದೂ ಸಣ್ಣ ಮಾತಲ್ಲ.

ಹಣ ಕಟ್ಟುವ ಮುಂಚೆ ಷರತ್ತನ್ನೇ ಪ್ರಶ್ನಿಸಬೇಕೆಂಬುದು ನನ್ನ ಅಭಿಪ್ರಾಯ. 1978ರ ಮೋತಿರಾಮ್ ಪ್ರಕರಣ ನಿಮ್ಮ ವಕೀಲರಿಗೆ ಗೊತ್ತಿರುತ್ತದೆ. ಗಾರೆ ಕೆಲಸದ ಬಡವನೊಬ್ಬನಿಂದ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದ ಮ್ಯಾಜಿಸ್ಟ್ರೇಟರು, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಆ ಜಾಮೀನನ್ನೂ ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಆದೇಶಿಸಿದರು. ಜಾಮೀನು ಸಿಕ್ಕ ಒಂದು ತಿಂಗಳೊಳಗೆ ಮುಚ್ಚಳಿಕೆ ಒದಗಿಸಲಾಗದಿದ್ದರೆ, ಷರತ್ತನ್ನು ಸಡಿಲಿಸಬೇಕೇ ಎಂದು ನ್ಯಾಯಾಲಯವು ತಾನಾಗಿಯೇ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗಾಗಿ ತಂದ ಯೋಜನೆಯಲ್ಲಿ ವಿಚಾರಣಾಧೀನ ಕೈದಿಗೆ ನಿಗದಿತ ಮಿತಿಯವರೆಗಿನ ಜಾಮೀನು ಹಣವನ್ನು ಜಿಲ್ಲಾ ಸಮಿತಿಯೇ ಮಂಜೂರು ಮಾಡಲು ಅವಕಾಶವಿದೆ. ಮಾದಕ ವಸ್ತು, ಭ್ರಷ್ಟಾಚಾರ ತಡೆ ಮುಂತಾದ ಕಾಯ್ದೆಗಳ ಪ್ರಕರಣಗಳಿಗೆ ಅದು ಸಿಗುವುದಿಲ್ಲ. ಸರ್ಕಾರವೇ ಕೊಡಬೇಕಾದ ಹಣವನ್ನು ನಿಮ್ಮವರು ಓಡಿ ಬೆವರಿಳಿಸಿ ಯಾಕೆ ಕಟ್ಟಬೇಕು? ಇಂಥ ಪ್ರತಿಯೊಬ್ಬ ಕೈದಿಯ ಅರ್ಜಿ ಸಮಿತಿಯ ಮೇಜಿಗೆ ಹೋಗುವಂತೆ ನೋಡಿಕೊಂಡರೆ ನಿಮ್ಮ ಒಂದೂವರೆ ಲಕ್ಷಕ್ಕಿಂತ ಎಷ್ಟೋ ಪಾಲು ಹೆಚ್ಚು ಕೆಲಸವಾಗುತ್ತದೆ.

ಇನ್ನೊಂದು ಮಾತು. ಕಾನೂನು ನೆರವಿನ ಶಿಬಿರ ನಡೆಸುವುದಾದರೆ ಸಂಸ್ಥೆಯ ಹೆಸರನ್ನು ದೊಡ್ಡದಾಗಿ ಬರೆದ ಬ್ಯಾನರ್ ಕಟ್ಟಬೇಡಿ. ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ.

ಉತ್ತರ 2 (ಲೆಕ್ಕಪರಿಶೋಧಕ, ಹುಬ್ಬಳ್ಳಿ)

ದೇಣಿಗೆ ಸಂಸ್ಥೆಯ ಖಾತೆಗೆ ಬರಲೇಬಾರದು. ಕಕ್ಷಿದಾರರ ಹಣದ ಖಾತೆಗಂತೂ ಸುತರಾಂ ಬೇಡ. ನೋಂದಾಯಿತ ಟ್ರಸ್ಟ್ ಒಂದನ್ನು ಆರಿಸಿ, ದಾನಿಗಳು ನೇರವಾಗಿ ಅದಕ್ಕೇ ಕೊಟ್ಟು ರಸೀದಿ ಪಡೆಯಲಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಆ ವಿನಾಯಿತಿಯೇ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಜುಲೈನಲ್ಲಿ ನಿಮ್ಮ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ.

ಮೊದಲು ನಾನಿದ್ದ ಒಂದು ಕಚೇರಿಯಲ್ಲಿ "ಸ್ವಯಂಪ್ರೇರಿತ" ದೇಣಿಗೆ ಎಂದು ಎಲ್ಲರ ಸಂಬಳದಿಂದ ಒಂದು ದಿನದ ವೇತನ ಹಿಡಿದರು. ಒಪ್ಪಿಗೆ ಪತ್ರ ಬಂದದ್ದು ಹಣ ಮುರಿದುಕೊಂಡ ಮೇಲೆ. ಚಹಾ ಕೊಡುತ್ತಿದ್ದ ಹುಡುಗ ಆ ತಿಂಗಳು ನನ್ನ ಬಳಿ ಐನೂರು ರೂಪಾಯಿ ಕೈಸಾಲ ಕೇಳಿದ. ಆದ್ದರಿಂದ ಕೊಡದವರ ಪಟ್ಟಿ ಪಾಲುದಾರರ ಮೇಜಿಗೆ ಹೋಗದಂತೆ ನೋಡಿಕೊಳ್ಳಿ.

ಉತ್ತರ 3 (ನಿವೃತ್ತ ನ್ಯಾಯಾಲಯ ಸಿಬ್ಬಂದಿ)

ಗುಮಾಸ್ತರು ಏನು ಮಾಡಬಹುದೆಂಬ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರಿಸಿಲ್ಲ. ಒಂದು ಘಟನೆ ಹೇಳುತ್ತೇನೆ. ಆರೋಪಿಯೊಬ್ಬನ ತಂದೆಯ ಹೆಸರು ಜಾಮೀನು ಆದೇಶದಲ್ಲಿ ಬಸಪ್ಪ ಎಂದೂ ಜೈಲಿನ ದಾಖಲೆಯಲ್ಲಿ ಬಸವರಾಜಪ್ಪ ಎಂದೂ ಇದ್ದುದರಿಂದ, ಜಾಮೀನುದಾರ ಬಂದು ಸಹಿ ಹಾಕಿ ಹೋದ ಮೇಲೂ ಆ ಮನುಷ್ಯ ಹತ್ತೊಂಬತ್ತು ದಿನ ಒಳಗೇ ಇದ್ದ. ಬೇಕಾಗಿದ್ದದ್ದು ತಿದ್ದುಪಡಿ ಕೋರುವ ಅರ್ಧ ಪುಟದ ಮೆಮೊ. ಅದನ್ನು ಬರೆದು ತರುವವರು ಅವನಿಗೆ ಯಾರೂ ಇರಲಿಲ್ಲ. ಅವನ ಹೆಂಡತಿ ಪ್ರತಿದಿನ ಬಂದು ನಮ್ಮ ವಿಭಾಗದ ಬಾಗಿಲಲ್ಲಿ ನಿಂತು, ಯಾರನ್ನು ಕೇಳಬೇಕೆಂದು ತಿಳಿಯದೆ ಹಿಂದಿರುಗುತ್ತಿದ್ದಳು. ಇಂಥ ವ್ಯತ್ಯಾಸವನ್ನು ಅನುಭವಿ ಗುಮಾಸ್ತ ಎರಡು ನಿಮಿಷದಲ್ಲಿ ಹಿಡಿಯುತ್ತಾನೆ, ಹೊಸ ವಕೀಲರಿಗಿಂತ ಬೇಗ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಸ್ವಯಂಸೇವಕರ ವ್ಯವಸ್ಥೆಯಿದೆ; ವಕೀಲರಾಗಿರಬೇಕಿಲ್ಲ, ತರಬೇತಿಯನ್ನು ಅವರೇ ಕೊಡುತ್ತಾರೆ. ಬಂಧನದಲ್ಲಿರುವವರಿಗೆ ಉಚಿತ ನೆರವು ಸಿಗಲು ಆದಾಯದ ಮಿತಿಯಿಲ್ಲ ಎಂಬುದೇ ಎಷ್ಟೋ ಕುಟುಂಬಗಳಿಗೆ ಗೊತ್ತಿರುವುದಿಲ್ಲ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಎಂದು ಹೇಳುವುದಕ್ಕೂ ಒಬ್ಬರು ಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಜಾಮೀನು ನಿಲ್ಲುವ ವಿಚಾರವನ್ನು ಕೈಬಿಟ್ಟಿದ್ದೇವೆ. ಗುಮಾಸ್ತರಲ್ಲಿ ಒಬ್ಬರಿಗೆ ಬೇಸರವಾಯಿತು, ಇನ್ನೊಬ್ಬರ ಮನೆಯವರಿಗೆ ಬಹಳ ಸಂತೋಷವಾಯಿತಂತೆ. ಹಣ ಟ್ರಸ್ಟ್ ಮೂಲಕ ಹೋಗಲಿದ್ದು, ಕುಟುಂಬದವರ ಬಸ್ ಖರ್ಚು, ದಾಖಲೆಗಳ ನಕಲು, ಪಹಣಿ ತೆಗೆಸುವ ಶುಲ್ಕ ಇಂಥವಕ್ಕೆ ಬಳಸಬೇಕೆಂದು ಕೇಳಿಕೊಂಡಿದ್ದೇವೆ. ತಿಂಗಳಿಗೆ ಎರಡು ಶುಕ್ರವಾರ ಮಧ್ಯಾಹ್ನ ಮೂವರು ಸಿಬ್ಬಂದಿಯನ್ನು ಕೆಲಸದ ಅವಧಿಯಲ್ಲೇ ಪ್ರಾಧಿಕಾರಕ್ಕೆ ಕಳುಹಿಸಲು ಹಿರಿಯ ಪಾಲುದಾರರು ಒಪ್ಪಿದ್ದಾರೆ. ಭಾನುವಾರ ಕಳುಹಿಸಿ ಎಂದಿದ್ದರು. ಭಾನುವಾರ ಅಲ್ಲಿ ಬಾಗಿಲು ತೆರೆದಿರುವುದಿಲ್ಲ ಎಂದು ಹೇಳಬೇಕಾಯಿತು.